ಚಂಡೆಯ ಪೆಟ್ಟು ಬಿದ್ದರೆ ಬಂದಾಗುವ ಸೌಂಡ್‌ಬಾರ್: ಗೋಡೆಯೊಳಗಿನ ಹಳೆ ವೈರ್ ಸಿಕ್ಕಿಬಿದ್ದಿದ್ದು ಹೀಗೆ

ಸಾಣಿಕಟ್ಟಾದ ಅಕ್ಕನ ಮನೆಯಿಂದ ಫೋನ್ ಬಂತು. "ತಮಾ, ಹೊಸ ಸೌಂಡ್‌ಬಾರ್ ಸರಿ ಇಲ್ಲ. ವಾರ್ತೆ, ಧಾರಾವಾಹಿ ಎಲ್ಲ ಚೆನ್ನಾಗಿ ಬರ್ತದೆ. ನಿನ್ನ ಭಾವ ಯಕ್ಷಗಾನ ಹಾಕಿ, ಚಂಡೆ ಶುರುವಾಯ್ತು ಅನ್ನುವಾಗ ಪಟ್ಟಂತ ಬಂದಾಗ್ತದೆ." ಹಿಂದಿನಿಂದ ಭಾವನ ದನಿ: "ಅಂಗಡಿಯವರು ಒಂದ್ಸಲ ಬದಲಿಸಿಯೂ ಕೊಟ್ಟರು. ಅದೂ ಹಾಗೇ ಮಾಡ್ತದೆ."

ಭಾವನ ಆ ಮಾತಿನಲ್ಲೇ ಅರ್ಧ ಉತ್ತರ ಇತ್ತು. ಬಾರ್ (ಟಿವಿ ಕೆಳಗೆ ಹಾಕುವ ಉದ್ದನೆಯ ಸ್ಪೀಕರ್) ಬದಲಿಸಿದರೂ ರೋಗ ಹೋಗಿಲ್ಲ ಅಂದರೆ, ಬದಲಿಸದೇ ಉಳಿದ ವಸ್ತು ಯಾವುದು ಅಂತ ಕೇಳಬೇಕು. ಆ ಮನೆಯಲ್ಲಿ ಬದಲಾಗದೇ ಉಳಿದಿದ್ದು ಗೋಡೆ ಮತ್ತು ಗೋಡೆಯೊಳಗೆ ಹೂತುಹಾಕಿದ್ದ ಹಳೆ ಬಾರ್‌ನ ವೈರ್.

ಕಾರವಾರದಲ್ಲಿ ಟಿವಿ, ಆಂಪ್ಲಿಫೈಯರ್ ಬಿಚ್ಚಿ ಕೂಡಿಸುವುದೇ ನನ್ನ ಕೆಲಸ. ಇಂಥ ಕೇಸ್ ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇರುತ್ತದೆ. ಹೊಸ ಬಾರ್ ತರುತ್ತಾರೆ. ಹಳೆಯದರ ವೈರ್ ಹೇಗೂ ಗೋಡೆಯಲ್ಲಿ ಇದೆ, ಪಿನ್ ಸರಿಯಾಗಿ ಕೂತುಕೊಂಡಿತು, ಮುಗೀತು. ಡಬ್ಬದಲ್ಲಿ ಬಂದ ಹೊಸ ವೈರ್ ಅಟ್ಟ ಸೇರುತ್ತದೆ. ಅಕ್ಕನ ಮನೆಯಲ್ಲೂ ಅದು ಅಟ್ಟದ ಮೇಲೆ, ಕಟ್ಟಿದ ಪ್ಲಾಸ್ಟಿಕ್ ಪಟ್ಟಿ ಸಮೇತ ಹಾಗೇ ಇತ್ತು.

ಮೊದಲು ದೀಪ ನೋಡಿ

ಬಾರ್ "ಬಂದಾಯ್ತು" ಅಂತ ಹೇಳಿದರೆ ಸಾಲದು. ಹೇಗೆ ಬಂದಾಯ್ತು ಅನ್ನುವುದು ಮುಖ್ಯ. ಬಂದಾಗುವ ಹೊತ್ತಿಗೆ ಬಾರ್‌ನ ಪುಟ್ಟ ದೀಪದ ಮೇಲೆ ಕಣ್ಣಿಟ್ಟು ಕೂರಿ.

ದೀಪ ಪೂರ್ತಿ ಆರಿ, ಕ್ಷಣ ಬಿಟ್ಟು ಮತ್ತೆ ಮೊದಲಿನಿಂದ ಶುರುವಾದರೆ, ಬಾರ್‌ಗೆ ಕರೆಂಟೇ ತಪ್ಪಿದೆ. ವೈರ್, ಅಡಾಪ್ಟರ್, ಸಾಕೆಟ್, ಇಲ್ಲವೇ ಬಾರ್‌ನೊಳಗಿನ ಪವರ್ ಸಪ್ಲೈ, ಇವುಗಳಲ್ಲಿ ಒಂದರ ತಲೆ ಕೆಟ್ಟಿದೆ. ಸ್ಟ್ಯಾಂಡ್‌ಬೈ ದೀಪ ಉರಿಯುತ್ತಲೇ ಇದ್ದು ಬರೀ ಶಬ್ದ ನಿಂತರೆ ಸಾಮಾನ್ಯವಾಗಿ ಕರೆಂಟಿನದ್ದು ತಪ್ಪಲ್ಲ. ಟಿವಿಯಿಂದ ಬಾರ್‌ಗೆ ಶಬ್ದ ಒಯ್ಯುವ ಎಚ್‌ಡಿಎಂಐ ವೈರ್ ಮೂಲಕ ಟಿವಿ "ನೀನು ಮಲಗು" ಅಂತ ಆಜ್ಞೆ ಕಳಿಸಿರಬಹುದು, ಇಲ್ಲವೇ ಬಾರ್ ತಾನಾಗೇ ಮಲಗಿರಬಹುದು. ಅದಕ್ಕೆ ಸೆಟ್ಟಿಂಗ್ ನೋಡಬೇಕು, ಸ್ಕ್ರೂಡ್ರೈವರ್ ಅಲ್ಲ. ದೀಪ ಒಂದೇ ಲಯದಲ್ಲಿ ಮಿಣುಕಿ ಆಮೇಲೆ ನಿಂತರೆ, ಒಳಗಿನ ರಕ್ಷಣಾ ಸರ್ಕ್ಯೂಟ್ ಎಚ್ಚರಿಸುತ್ತಿರಬಹುದು. ಅದರ ಅರ್ಥ ಆ ಬಾರ್‌ನ ಪುಸ್ತಕದಲ್ಲೇ ಸಿಗಬೇಕು.

ಸುಟ್ಟ ವಾಸನೆ, ಪಿನ್ ಮುಟ್ಟಿದರೆ ಬಿಸಿ, ಗೋಡೆಯಲ್ಲಿ ಕಂದು ಕಲೆ, ಚಿಟಿಚಿಟಿ ಸದ್ದು. ಇವುಗಳಲ್ಲಿ ಯಾವುದಿದ್ದರೂ ಪರೀಕ್ಷೆ ಗಿರೀಕ್ಷೆ ಬೇಡ. ಆ ಸಾಲಿನ ಎಂಸಿಬಿ (ಬೋರ್ಡಿನಲ್ಲಿರುವ ಟ್ರಿಪ್ ಸ್ವಿಚ್) ಇಳಿಸಿ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ.

ಅಕ್ಕನ ಮನೆಯಲ್ಲಿ ಭಾವ ದೊಡ್ಡ ದನಿಯಲ್ಲಿ ಒಂದು ಯುದ್ಧದ ಸನ್ನಿವೇಶ ಹಾಕಿದರು. ನಾಲ್ಕನೇ ಪೆಟ್ಟಿಗೆ ಬಾರ್ ಸತ್ತಿತು. ದೀಪವೂ ಪೂರ್ತಿ ಆರಿತು. ಬದಿಯಲ್ಲಿದ್ದ ಸಬ್‌ವೂಫರ್‌ನ (ಗುಮ್ಮನ್ನುವ ದನಿಗೆಂದೇ ಇರುವ ಬೇರೆ ಡಬ್ಬಿ) ದೀಪ ಮಾತ್ರ ಉರಿಯುತ್ತಾ, ಸಂಪರ್ಕ ಹುಡುಕುತ್ತಾ ಮಿಣುಕುತ್ತಿತ್ತು. ಸಬ್‌ಗೆ ಬೇರೆ ವೈರ್, ಬೇರೆ ಸಾಕೆಟ್. ಹಾಗಾದರೆ ಮನೆಯ ಕರೆಂಟ್ ಹೋಗಿಲ್ಲ, ಬಾರ್‌ನ ದಾರಿ ಮಾತ್ರ ತುಂಡಾಗಿದೆ.

ಬಾರನ್ನು ಮೇಜಿನ ಮೇಲೆ ಇಳಿಸಿ

ಇದು ಎಲ್ಲರೂ ತಪ್ಪಿಸುವ ಪರೀಕ್ಷೆ. ಗೋಡೆಯಿಂದ ಬಾರ್ ಇಳಿಸುವುದು ರಗಳೆ, ಅಲ್ವಾ? ಆದರೆ ಹತ್ತು ನಿಮಿಷದ ಈ ಕೆಲಸ ಮಾಡಿದ್ದರೆ, ಅಂಗಡಿಗೆ ಬಾರ್ ಹೊತ್ತು ತಿರುಗುವುದು ತಪ್ಪುತ್ತಿತ್ತು.

ಬಾರನ್ನು ಬೇರೆ ಕೋಣೆಯ ಮೇಜಿನ ಮೇಲಿಡಿ. ಅದರ ಜೊತೆಗೇ ಡಬ್ಬದಲ್ಲಿ ಬಂದ ವೈರ್ ಹಾಕಿ. ಬೇರೆ ಸಾಕೆಟ್‌ಗೆ ಚುಚ್ಚಿ. ಟಿವಿ ಬೇಡ, ಮೊಬೈಲ್‌ನಿಂದ ಬ್ಲೂಟೂತ್‌ನಲ್ಲಿ ಅದೇ ಹಾಡು, ಅದೇ ದನಿ. ಅರ್ಧ ಗಂಟೆ ಓಡಲಿ. ಇಲ್ಲೂ ಬಂದಾದರೆ ಬಾರ್ ದೋಷವೇ, ವಾರಂಟಿಗೆ ಕಳಿಸಿ. ಬಂದಾಗದಿದ್ದರೆ ಬಾರ್ ನಿರಪರಾಧಿ.

ನಮ್ಮ ಬಾರ್ ಅಡುಗೆಮನೆ ಪಕ್ಕದ ಕೋಣೆಯಲ್ಲಿ ಮೂರು ಪದ್ಯ, ಎರಡು ಕುಣಿತ, ಒಂದು ಇಡೀ ಯುದ್ಧ ಮುಗಿಸಿತು. ಅಕ್ಕ ಬಂದು "ಸಾಕು ಮಾರಾಯ, ದನ ಹೆದರ್ತದೆ" ಅಂದಳು.

ಕೂತುಕೊಂಡ ಮಾತ್ರಕ್ಕೆ ಹೊಂದಿತು ಅಂತ ಅಲ್ಲ

ಈಗ ವೈರ್ ವಿಷಯ. ಬಾರ್‌ಗಳಿಗೆ ಕರೆಂಟ್ ಕೊಡುವ ರೀತಿ ಮುಖ್ಯವಾಗಿ ಎರಡು. ಒಂದರಲ್ಲಿ 230 ವೋಲ್ಟ್ ನೇರವಾಗಿ ಬಾರ್‌ನೊಳಗೆ ಹೋಗುತ್ತದೆ. ಇನ್ನೊಂದರಲ್ಲಿ ಹೊರಗೊಂದು ಅಡಾಪ್ಟರ್ ಇಟ್ಟಿಗೆ ಇರುತ್ತದೆ, ಬಾರ್‌ಗೆ ಹೋಗುವುದು ಕಡಿಮೆ ವೋಲ್ಟಿನ ಡಿಸಿ. ಹಳೆಯದು ಒಂದು ಜಾತಿ, ಹೊಸದು ಇನ್ನೊಂದು ಜಾತಿ ಆಗಿದ್ದರೆ ಹಳೆ ವೈರ್ ವಿಷಯ ಅಲ್ಲಿಗೇ ಬಿಟ್ಟುಬಿಡಿ.

ನೇರ ಕರೆಂಟಿನ ಬಾರ್‌ಗಳಲ್ಲಿ ಜಾಸ್ತಿ ಕಾಣುವುದು ಎರಡು ತೂತಿನ ಪುಟ್ಟ ತಲೆ. ಇಂಗ್ಲಿಷಿನ 8 ಅಡ್ಡ ಮಲಗಿದ ಹಾಗೆ, ಎರಡು ಬೀಜದ ಶೇಂಗಾಕಾಯಿ ಹಾಗೆ ಇರುತ್ತದೆ. ಸ್ಟ್ಯಾಂಡರ್ಡ್ ಪುಸ್ತಕದಲ್ಲಿ ಇದರ ಹೆಸರು ಸಿ7. ಇದಕ್ಕೆ ಅರ್ತ್ ಇಲ್ಲ. ಇರಬೇಕಾಗಿಯೂ ಇಲ್ಲ, ಯಾಕೆಂದರೆ ಇಂಥ ಬಾರ್‌ಗೆ ಎರಡು ಪದರದ ಇನ್ಸುಲೇಷನ್ ಇರುತ್ತದೆ. ಹಿಂದಿನ ಲೇಬಲ್‌ನಲ್ಲಿ ಚೌಕದೊಳಗೆ ಚೌಕ ಇರುವ ಗುರುತು ಅದಕ್ಕೇ. ಸಿ7ರಲ್ಲೇ ಒಂದು ಬದಿ ದುಂಡಗೆ, ಇನ್ನೊಂದು ಬದಿ ಚೌಕ ಇರುವ ತಲೆಯೂ ಉಂಟು. ಅದು ಮಾಮೂಲಿ ತೂತಿಗೆ ಹೋಗುವುದಿಲ್ಲ. ಚಾಕುವಿನಿಂದ ಕೆತ್ತಿ ತುರುಕಿದವರನ್ನು ನೋಡಿದ್ದೇನೆ. ಹಾಗೆ ಮಾಡಬೇಡಿ.

ಮೂರು ತೂತಿನ, ಬಿಲ್ವಪತ್ರೆ ಆಕಾರದ್ದು ಸಿ5. ಲ್ಯಾಪ್‌ಟಾಪ್ ಅಡಾಪ್ಟರ್‌ಗೆ ಬರುತ್ತದಲ್ಲ, ಅದೇ. ಕಂಪ್ಯೂಟರ್ ಸಿಪಿಯುಗೆ ಹಾಕುವ ದಪ್ಪನೆಯದು ಸಿ13. ಈ ಎರಡಕ್ಕೂ ಅರ್ತ್ ಇದೆ. ಅರ್ತ್ ಬೇಕೆಂದು ಕೇಳುವ ಯಂತ್ರಕ್ಕೆ ಅರ್ತ್ ಇಲ್ಲದ ಎರಡು ಪಿನ್ನಿನ ಅಡ್ಡದಾರಿ ಹಾಕಬಾರದು. ಪ್ಲಗ್‌ನ ದಪ್ಪ ಪಿನ್ ಮುರಿದು ಚುಚ್ಚುವುದಂತೂ ಬೇಡವೇ ಬೇಡ.

ಸಿ7 ತಲೆಯ ಮಿತಿ 2.5 ಆಂಪಿಯರ್. 230 ವೋಲ್ಟಿಗೆ ಗುಣಿಸಿದರೆ 575 ವ್ಯಾಟ್. "ನನ್ನ ಬಾರ್ 300 ವ್ಯಾಟ್, ಹಳೆಯದು 80 ವ್ಯಾಟ್ ಇತ್ತು, ವೈರ್ ತಡೆಯುತ್ತದಾ?" ಅಂತ ಕೇಳುವವರು ಬಹಳ. ಡಬ್ಬದ ಮೇಲೆ ದೊಡ್ಡದಾಗಿ ಬರೆದಿರುವುದು ಶಬ್ದದ ವ್ಯಾಟ್. ಅದು ಮಾರಾಟದ ಲೆಕ್ಕ. ಬಾರ್‌ನ ಬೆನ್ನಿನ ಲೇಬಲ್‌ನಲ್ಲಿ ಕರೆಂಟ್ ಬಳಕೆ ಬೇರೆ ಬರೆದಿರುತ್ತದೆ. ಅದು 50 ವ್ಯಾಟ್ ಇದ್ದರೆ ವೈರ್‌ನಲ್ಲಿ ಹರಿಯುವುದು ಕಾಲು ಆಂಪಿಯರ್‌ಗಿಂತ ಕಡಿಮೆ. 100 ವ್ಯಾಟ್ ಅಂತ ಹಿಡಿದರೂ ಅರ್ಧ ಆಂಪಿಯರ್ ಆಗುವುದಿಲ್ಲ. ಸರಿಯಾದ ಸಿ7 ವೈರ್‌ಗೆ ಇದು ಏನೇನೂ ಅಲ್ಲ.

ಹಾಗಾಗಿ ಹಳೆ ವೈರ್ ತೆಳ್ಳಗೆ ಇದೆ ಅನ್ನುವುದು ನಿಜವಾದ ಸಮಸ್ಯೆ ಅಲ್ಲ. ಅದನ್ನು ಎಲ್ಲಿ ಹೇಗೆ ಹುಗಿದಿದ್ದಾರೆ, ಎಲ್ಲಿ ಕತ್ತರಿಸಿ ಗಂಟು ಹಾಕಿದ್ದಾರೆ ಅನ್ನುವುದೇ ಸಮಸ್ಯೆ.

ಅಡಾಪ್ಟರ್ ಬಾರ್ ಆದರೆ ಲೆಕ್ಕ ಬೇರೆ. ಅಲ್ಲಿ ನಾಲ್ಕು ಸಂಗತಿ ತಾಳೆ ಆಗಬೇಕು. ವೋಲ್ಟ್ ಒಂದೇ ಇರಬೇಕು. ಆಂಪಿಯರ್ ಲೇಬಲ್‌ನಲ್ಲಿ ಕೇಳಿದಷ್ಟೋ ಜಾಸ್ತಿಯೋ ಇರಬೇಕು, ಕಡಿಮೆ ಬೇಡ. ಪ್ಲಸ್ ಒಳಗೋ ಹೊರಗೋ ಅನ್ನುವ ಚಿತ್ರ ಎರಡರಲ್ಲೂ ಒಂದೇ ಇರಬೇಕು. ಕೊನೆಗೆ ಪಿನ್ನಿನ ಅಳತೆ. 5.5 ಮಿಲಿಮೀಟರ್ ದಪ್ಪದ ತಲೆಯಲ್ಲೇ ಒಳತೂತು 2.1 ಮಿಲಿಮೀಟರ್‌ದು, 2.5 ಮಿಲಿಮೀಟರ್‌ದು ಅಂತ ಎರಡು. ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. 2.5ರ ತಲೆ 2.1ರ ಕಡ್ಡಿಯ ಮೇಲೆ ಆರಾಮಾಗಿ ಕೂರುತ್ತದೆ, ಆದರೆ ಸಡಿಲ. ಬಾರ್ ಅದುರಿದ ಹಾಗೆ ಹತ್ತಿ ಆರುತ್ತಾ ಇರುತ್ತದೆ. ಅಡಾಪ್ಟರ್ ಆಂಪಿಯರ್ ಕಡಿಮೆ ಇದ್ದರೂ ಕಾಯಿಲೆಯ ಲಕ್ಷಣ ಇದೇ: ಮೆಲ್ಲಗೆ ಹಾಡಿದರೆ ಸರಿ, ಜೋರು ಮಾಡಿದರೆ ಬಂದ್. ಇನ್ನು 12 ವೋಲ್ಟಿನ ಬಾರ್‌ಗೆ 24 ವೋಲ್ಟ್ ಕೊಟ್ಟರೆ ಪರೀಕ್ಷೆ ಮಾಡಲು ಬಾರೇ ಉಳಿಯದಿರಬಹುದು.

ಕಾರವಾರದಲ್ಲೇ ಒಬ್ಬರು ಅಡಾಪ್ಟರ್ ಕಾಣಬಾರದು ಅಂತ ಅದನ್ನು ಕಪಾಟಿನಲ್ಲಿಟ್ಟು, ಡಿಸಿ ವೈರನ್ನು ಕರೆಗಂಟೆಯ ತೆಳು ವೈರ್‌ನಿಂದ ಐದು ಮೀಟರ್ ಉದ್ದ ಮಾಡಿದ್ದರು. ಹೋಗಿ ಬರುವ ದಾರಿ ಸೇರಿ ಹತ್ತು ಮೀಟರ್. 0.2 ಸ್ಕ್ವೇರ್ ಎಂಎಂ ತಾಮ್ರ ಅಂದರೆ ಸುಮಾರು 0.86 ಓಮ್ ತಡೆ. ಚಂಡೆಯ ಪೆಟ್ಟು ಬಿದ್ದಾಗ ಬಾರ್ ಎರಡು ಆಂಪಿಯರ್ ಎಳೆದರೆ 1.7 ವೋಲ್ಟ್ ದಾರಿಯಲ್ಲೇ ಖರ್ಚು. ಮೇಲಿಂದ ಗಂಟುಗಳ ಕಂದಾಯ ಬೇರೆ. ಉದ್ದ ಬೇಕಾದರೆ 230 ವೋಲ್ಟಿನ ಬದಿಯಲ್ಲಿ ಸಾಕೆಟ್ಟನ್ನೇ ಹತ್ತಿರ ತನ್ನಿ, ಡಿಸಿ ಬದಿಯನ್ನು ಎಳೆಯಬೇಡಿ.

230 ತೋರಿಸುವ ಸುಳ್ಳು

ಅಕ್ಕನ ಮನೆಗೆ ವಾಪಸ್. ನನಗಿಂತ ಮೊದಲು ಒಬ್ಬರು ಬಂದು ಗೋಡೆಯಿಂದ ಹೊರಬಂದ ಸಿ7 ತಲೆಗೆ ಮೀಟರ್ ಇಟ್ಟು, 230 ಬರುತ್ತಿದೆ, ವೈರ್ ಚೆನ್ನಾಗಿದೆ ಅಂತ ತೀರ್ಪು ಕೊಟ್ಟು ಹೋಗಿದ್ದರಂತೆ. ಅವರು ನೋಡಿದ್ದು ಸುಳ್ಳಲ್ಲ. ಆದರೆ ಆ ನೋಟದಿಂದ ಏನೂ ತಿಳಿಯುವುದಿಲ್ಲ.

ಮಲ್ಟಿಮೀಟರ್ ಎಳೆಯುವ ಕರೆಂಟ್ ಲೆಕ್ಕಕ್ಕೇ ಇಲ್ಲದಷ್ಟು ಕಡಿಮೆ. ಗಂಟಿನಲ್ಲಿ ಒಂದೇ ಒಂದು ಎಳೆ ತಾಗಿದ್ದರೂ, ನೂರಾರು ಓಮ್ ಅಡ್ಡ ಇದ್ದರೂ ಮೀಟರ್ 230 ಅನ್ನುತ್ತದೆ. ಬಾವಿಯ ಪೈಪ್ ಮುಕ್ಕಾಲು ಮುಚ್ಚಿದ್ದರೂ ನಲ್ಲಿ ಬಂದ್ ಇರುವಾಗ ಒತ್ತಡ ಪೂರ್ತಿ ಇರುತ್ತದಲ್ಲ, ಹಾಗೆ. ನಲ್ಲಿ ತಿರುಗಿಸಿದಾಗಲೇ ಬಣ್ಣ ಬಯಲು. ಟೆಸ್ಟರ್ ದೀಪದ ಕಥೆಯೂ ಅದೇ.

ಹಾಗಾಗಿ ವೈರ್‌ಗೆ ಭಾರ, ಅಂದರೆ ಕರೆಂಟ್ ಎಳೆಯುವ ಒಂದು ಯಂತ್ರ, ಹಾಕಿ ನೋಡಬೇಕು. ಅಕ್ಕನ ಹತ್ತಿರ ಒಂದು ಹಳೆ ಟೇಪ್‌ರೆಕಾರ್ಡರ್ ಇತ್ತು. ಅದಕ್ಕೂ ಇದೇ ಸಿ7 ತೂತು. ಬಾರ್‌ನ ಜಾಗದಲ್ಲಿ ಅದನ್ನು ಸ್ಟೂಲ್ ಮೇಲಿಟ್ಟು, ಗೋಡೆಯ ವೈರ್‌ಗೇ ಸಿಕ್ಕಿಸಿ, ರೇಡಿಯೋ ಹಚ್ಚಿದೆ. ಕಾರವಾರ ಆಕಾಶವಾಣಿ ಹಾಡುತ್ತಿತ್ತು. ಆಮೇಲೆ ಅಂಗೈಯಿಂದ ಗೋಡೆಯನ್ನು ಮೆಲ್ಲಗೆ ತಟ್ಟುತ್ತಾ ಬಂದೆ. ಸಾಕೆಟ್ ಹತ್ತಿರ ತಟ್ಟಿದೆ, ಏನಿಲ್ಲ. ಟಿವಿ ಕೆಳಗೆ ತಟ್ಟಿದೆ, ಏನಿಲ್ಲ. ಬಾರ್ ತೂಗುವ ಕ್ಲಾಂಪಿನ ಎಡಕ್ಕೆ ಒಂದು ಗೇಣು ದೂರ ತಟ್ಟಿದಾಗ ರೇಡಿಯೋ ಕರಕರ ಅಂದು ನಿಂತಿತು. ಮತ್ತೆ ತಟ್ಟಿದೆ, ಹಾಡಿತು.

ಭಾವ ಎದ್ದು ಬಂದು ತಾವೂ ಎರಡು ಸಲ ತಟ್ಟಿ ನೋಡಿದರು.

ಗೋಡೆ ತಟ್ಟುವ ಈ ಪರೀಕ್ಷೆ ಇನ್ನೊಂದು ವಿಷಯವನ್ನೂ ಬಿಡಿಸುತ್ತದೆ. ಜೋರು ದನಿಗೆ ಬಂದಾಗುವುದಕ್ಕೆ ಎರಡು ಕಾರಣ ಇರಬಹುದು: ಕರೆಂಟ್ ಜಾಸ್ತಿ ಎಳೆಯುವುದು, ಇಲ್ಲವೇ ಅದುರುವುದು. ಹಾಡು ನಿಲ್ಲಿಸಿ ಬರೀ ತಟ್ಟಿದಾಗಲೂ ಆರಿದರೆ ಅದುರೇ ಕಾರಣ, ಅಂದರೆ ಲೂಸ್ ಕಾಂಟ್ಯಾಕ್ಟ್. ತಟ್ಟಿದರೆ ಏನೂ ಆಗದೆ ದನಿ ಏರಿಸಿದಾಗ ಮಾತ್ರ ಆರಿದರೆ ಅಡಾಪ್ಟರ್ ಸೋಲುತ್ತಿದೆಯೋ, ದಾರಿಯಲ್ಲಿ ವೋಲ್ಟ್ ಸೋರುತ್ತಿದೆಯೋ ನೋಡಬೇಕು. ಗೋಡೆಗೆ ಬಿಗಿದ ಬಾರ್ ಚಂಡೆಗೆ ಅದುರುತ್ತದೆ, ಅದರ ಜೊತೆ ಕ್ಲಾಂಪ್, ಗಾರೆ, ಒಳಗಿನ ಗಂಟು ಎಲ್ಲ ಅದುರುತ್ತದೆ. ವಾರ್ತೆ ಓದುವವರ ದನಿಗೆ ಯಾವ ಗೋಡೆಯೂ ಅದುರುವುದಿಲ್ಲ.

ಆಮೇಲೆ ಸಾಕೆಟ್‌ನಿಂದ ಪ್ಲಗ್ ಕಿತ್ತು ಕೈಯಲ್ಲೇ ಹಿಡಿದುಕೊಂಡೆ. ಪ್ಲಗ್ ಕಣ್ಣೆದುರು ಇದ್ದರೆ ಮಾತ್ರ ಮುಂದಿನ ಕೆಲಸ. ಮೀಟರನ್ನು ಓಮ್‌ಗೆ ಇಟ್ಟು, ಪ್ಲಗ್‌ನ ಒಂದು ಪಿನ್ನಿನಿಂದ ಸಿ7ನ ಒಂದು ತೂತಿಗೆ ಅಳೆದೆ. ನಾಲ್ಕೈದು ಮೀಟರ್ ವೈರ್ ಅಂದರೆ ಮೀಟರಿನ ಕಡ್ಡಿಗಳ ಓಮ್ ಸೇರಿಯೂ ಒಂದರೊಳಗೆ ಇರಬೇಕು. ಒಂದು ಎಳೆ 0.4 ತೋರಿಸಿ ಕದಲದೆ ನಿಂತಿತು. ಇನ್ನೊಂದು 3, 11, 40 ಅಂತ ಕುಣಿದು, ಗೋಡೆ ತಟ್ಟಿದಾಗ ಪೂರ್ತಿ ತೆರೆದುಕೊಂಡಿತು. ಎರಡು ಎಳೆಗಳ ನಡುವೆ ಅಳೆದರೆ ಏನೂ ತೋರಿಸಬಾರದು, ತೋರಿಸಲಿಲ್ಲ. ಆದರೆ ಮಲ್ಟಿಮೀಟರ್ ಹಾಕುವ ಒಂದೆರಡು ವೋಲ್ಟಿನಿಂದ ಇನ್ಸುಲೇಷನ್ ಗಟ್ಟಿ ಇದೆ ಅಂತ ಹೇಳಲು ಬರುವುದಿಲ್ಲ. ಅದಕ್ಕೆ 500 ವೋಲ್ಟ್ ಹಾಕಿ ಇನ್ಸುಲೇಷನ್ ಅಳೆಯುವ ಮೆಗ್ಗರ್ ಬೇಕು.

ಗಾರೆ ಕೆತ್ತಿದಾಗ ಕಂಡಿದ್ದು

ಎಂಸಿಬಿ ಇಳಿಸಿ, ಉಳಿಯಿಂದ ಒಂದು ಅಂಗೈ ಅಗಲ ಗಾರೆ ಕೆತ್ತಿದೆವು. ಪೈಪ್ ಇರಲಿಲ್ಲ. ವೈರನ್ನು ಚಿರೆಕಲ್ಲಿನ ಸೀಳಿನಲ್ಲಿ ಇಟ್ಟು ಮೇಲೆ ಸಿಮೆಂಟ್ ಬಳಿದಿದ್ದರು. ಹಳೆ ಬಾರ್‌ನ ತೂತು ಬಲತುದಿಯಲ್ಲಿತ್ತು, ಹೊಸದರದ್ದು ನಡುವಿನಲ್ಲಿ. ವೈರ್ ಮುಟ್ಟುತ್ತಿರಲಿಲ್ಲ. ಹಾಗಾಗಿ ಬಾರ್ ಕೂಡಿಸಲು ಬಂದವರು ಕತ್ತರಿಸಿ, ಬೇರೆ ತುಂಡು ಹೆಣೆದು, ಟೇಪ್ ಸುತ್ತಿ, ಅದನ್ನೂ ಒಳಗೆ ತಳ್ಳಿ ಗಾರೆ ಮೆತ್ತಿದ್ದಾರೆ.

ಟೇಪಿನ ಅಂಟು ಕರಗಿ ಬೆಲ್ಲದ ಪಾಕದಂತೆ ಬೆರಳಿಗೆ ಹತ್ತಿತು. ಅದರೊಳಗೆ ತಾಮ್ರದ ಎಳೆಗಳು ಹಿತ್ತಾಳೆ ತಂಬಿಗೆಯ ಕಿಲುಬಿನ ಹಾಗೆ ಹಸಿರು. ಒಂದು ಎಳೆಯ ಗಂಟು ಮುಟ್ಟಿದರೆ ಬಿಚ್ಚಿಕೊಂಡಿತು. ಅದರ ಸುತ್ತ ಅರ್ಧ ಇಂಚು ಪ್ಲಾಸ್ಟಿಕ್ ಕಂದಾಗಿ, ಗಟ್ಟಿಯಾಗಿ, ಬಗ್ಗಿಸಿದರೆ ಹಪ್ಪಳದಂತೆ ಮುರಿಯಿತು. ಪಕ್ಕದಲ್ಲಿ ಇರುವೆ ತಂದ ಮಣ್ಣು.

ಕಂದು ಬಣ್ಣಕ್ಕೆ ಕಾರಣ ಕಿಡಿ. ಪ್ರತಿ ಪೆಟ್ಟಿಗೂ ಗಂಟು ಬಿಟ್ಟು ಹಿಡಿದು, ಒಳಗೊಳಗೇ ಕಿಡಿ ಹಾರುತ್ತಿತ್ತು. ಇಂಥ ಕಿಡಿಗೆ ಎಂಸಿಬಿ ಬೀಳುವುದಿಲ್ಲ. ಎಂಸಿಬಿ ನೋಡುವುದು ಜಾಸ್ತಿ ಕರೆಂಟ್ ಹರಿಯಿತಾ ಅಂತ. ಇಲ್ಲಿ ಹರಿಯುತ್ತಿದ್ದುದು ಕಾಲು ಆಂಪಿಯರ್. ಕರೆಂಟಿನ ಸೋರಿಕೆ ಹಿಡಿಯುವ ಆರ್‌ಸಿಸಿಬಿಯೂ ಬೀಳುವುದಿಲ್ಲ, ಯಾಕೆಂದರೆ ಕರೆಂಟ್ ಭೂಮಿಗೆ ಸೋರುತ್ತಿಲ್ಲ. ಸದ್ಯ ಅದು ಕಲ್ಲಿನೊಳಗಿತ್ತು. ಮರದ ಪ್ಯಾನೆಲ್ ಹಿಂದೆ ಇದ್ದಿದ್ದರೆ ನಾನು ಇದನ್ನು ಇಷ್ಟು ಆರಾಮಾಗಿ ಬರೆಯುತ್ತಿರಲಿಲ್ಲ.

ನಮ್ಮ ಕರಾವಳಿಯಲ್ಲಿ ಇದು ಬೇಗ ಆಗುತ್ತದೆ. ಅಕ್ಕನ ಮನೆಯಿಂದ ನಾಲ್ಕು ಹೆಜ್ಜೆ ನಡೆದರೆ ಉಪ್ಪಿನಾಗರ. ಗಾಳಿಯಲ್ಲೇ ಉಪ್ಪು. ಮಳೆಗಾಲದಲ್ಲಿ ಪಡುಗೋಡೆ ನೀರು ಕುಡಿದು ನಿಲ್ಲುತ್ತದೆ. ಚಿರೆಕಲ್ಲು ತೂತುತೂತಾದ ಕಲ್ಲು, ಕುಡಿದ ನೀರನ್ನು ಬೇಗ ಬಿಡುವುದಿಲ್ಲ. ಉಪ್ಪು, ನೀರು, ತಾಮ್ರ ಮೂರೂ ಸೇರಿದ ಮೇಲೆ ಟೇಪ್ ಏನು ಮಾಡೀತು? ಘಟ್ಟದ ಮೇಲೆ ಶಿರಸಿ ಕಡೆ ಉಪ್ಪಿನ ಕಾಟ ಇಲ್ಲ. ಅಲ್ಲಿ ಇಲಿ ಮತ್ತು ಒರಲೆ. ಅಡಿಕೆ ಇಡುವ ಅಟ್ಟದ ಇಲಿ ಮರದ ಹಲಗೆ ಹಿಂದಿನ ವೈರನ್ನು ಬಿಡುವುದಿಲ್ಲ.

ಮರೆಮಾಡುವುದು ತಪ್ಪಲ್ಲ, ಹೂಳುವುದು ತಪ್ಪು

ಬಾರ್ ಜೊತೆ ಬರುವ ಬಳುಕುವ ವೈರ್ ಗೋಡೆಯೊಳಗೆ ಇರಲು ಮಾಡಿದ್ದಲ್ಲ. ಅದರ ಚರ್ಮ ತೆಳು. ಒಳಗೆ ಏನಾಗುತ್ತಿದೆ ಅಂತ ಕಾಣುವುದಿಲ್ಲ, ಹಾಳಾದರೆ ಎಳೆದು ಬದಲಿಸಲಾಗುವುದಿಲ್ಲ. ನಾಳೆ ಯಾರೋ ಕ್ಯಾಲೆಂಡರ್ ತೂಗುಹಾಕಲು ಮೊಳೆ ಹೊಡೆಯುತ್ತಾರೆ. ಪೈಪಿನಲ್ಲಿ ಹಾಕಿದರೂ ಬಳುಕುವ ವೈರ್ ಬಳುಕುವ ವೈರೇ. ಗೋಡೆಯೊಳಗೆ ಹೋಗಬೇಕಾದ್ದು ಮನೆಯ ವೈರಿಂಗ್‌ಗೆ ಬಳಸುವ ಐಎಸ್‌ಐ ಗುರುತಿನ ವೈರ್, ಅದೂ ಪೈಪಿನಲ್ಲಿ, ನಡುವೆ ಗಂಟಿಲ್ಲದೆ.

ಎರಡು ದಾರಿ ನನಗೆ ಇಷ್ಟ. ಮೊದಲನೆಯದು ಅಗ್ಗದ್ದು: ಗೋಡೆ ಮೇಲೆ ಪಿವಿಸಿ ಕೇಸಿಂಗ್ ಪಟ್ಟಿ ಬಡಿದು, ಅದರೊಳಗೆ ವೈರ್ ಇಟ್ಟು, ಮುಚ್ಚಳ ಹಾಕಿ, ಗೋಡೆಯ ಬಣ್ಣ ಬಳಿಯುವುದು. ಮೂರು ಮಾರು ದೂರದಿಂದ ಕಾಣುವುದೇ ಇಲ್ಲ. ಬೇಕೆಂದಾಗ ಉಗುರಿನಿಂದ ಮುಚ್ಚಳ ತೆಗೆಯಬಹುದು. ಬಾಡಿಗೆ ಮನೆಯವರಿಗೆ ಇದೇ ಸರಿ. "ಪಟ್ಟಿ ಕಾಣ್ತದೆ" ಅಂತ ಮೂಗು ಮುರಿಯುವವರಿಗೆ ನಾನು ಆ ಹಸಿರು ತಾಮ್ರದ ಫೋಟೋ ತೋರಿಸುತ್ತೇನೆ.

ಎರಡನೆಯದು ಪಕ್ಕಾ ಕೆಲಸ. ಟಿವಿಯ ಹಿಂದೆಯೇ ಒಂದು 6 ಆಂಪಿಯರ್ ಸಾಕೆಟ್, ಗೋಡೆಯೊಳಗೆ ತಗ್ಗಿಸಿ. ಬೋರ್ಡಿನಿಂದ ಅಲ್ಲಿಗೆ ಪೈಪಿನಲ್ಲಿ 1.5 ಸ್ಕ್ವೇರ್ ಎಂಎಂ ತಾಮ್ರದ ಫೇಸ್, ನ್ಯೂಟ್ರಲ್, ಅರ್ತ್ ಮೂರೂ. ಸ್ವಿಚ್ ಮಾತ್ರ ಕೈಗೆ ಸಿಗುವ ಕಡೆ. ಹೀಗೆ ಮಾಡಿದರೆ ಬಾರ್‌ನ ಸ್ವಂತ ವೈರ್ ಗೋಡೆಯ ಹೊರಗೇ, ಟಿವಿ ಮರೆಯಲ್ಲೇ ಇರುತ್ತದೆ. ಇದನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಬೋರ್ಡಿನಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇಲ್ಲದಿದ್ದರೆ ಅದೇ ದಿನ ಹಾಕಿಸಿ. ಪಡುಗೋಡೆಗೆ ಮಾತ್ರ ಬೇಡ. ಬೇರೆ ಗೋಡೆ ಇಲ್ಲದಿದ್ದರೆ ಕೇಸಿಂಗ್ ಪಟ್ಟಿಯೇ ವಾಸಿ.

ಎಚ್‌ಡಿಎಂಐ ವೈರ್‌ಗೆ ಬೇರೆ ಪೈಪ್. ಕರೆಂಟಿನ ಪೈಪಿನಲ್ಲಿ ಅದನ್ನು ತೂರಿಸಬೇಡಿ. ಎಚ್‌ಡಿಎಂಐ ತಲೆ ಸುಮಾರು ಎರಡು ಸೆಂಟಿಮೀಟರ್ ಅಗಲ ಇರುತ್ತದೆ, 25 ಮಿಲಿಮೀಟರ್ ಪೈಪಿನ ತಿರುವಿನಲ್ಲಿ ಸಿಕ್ಕಿಕೊಳ್ಳುತ್ತದೆ. 40 ಮಿಲಿಮೀಟರ್ ಹಾಕಿ, ತಿರುವು ಉದಾರವಾಗಿರಲಿ, ಒಳಗೊಂದು ನೈಲಾನ್ ಹಗ್ಗ ಬಿಟ್ಟಿರಿ. ಮುಂದಿನ ವೈರ್ ಎಳೆಯಲು ಬೇಕಾಗುತ್ತದೆ.

ಅಡಾಪ್ಟರ್ ಇದ್ದರೆ ಅದಕ್ಕೆ ಗಾಳಿ ಬೇಕು. ಪ್ಯಾನೆಲ್ ಹಿಂದೆ ಮುಚ್ಚಿಡಬೇಡಿ. ಉಳಿದ ವೈರನ್ನು ಬಿಗಿಯಾಗಿ ಸುತ್ತಿ ರಬ್ಬರ್ ಹಾಕುವ ಬದಲು ಸಡಿಲ ಸುರುಳಿ ಮಾಡಿ ಬಿಡಿ. ಸಿ7 ತಲೆ ಗೋಡೆಗೆ ಒತ್ತಿ ಬಗ್ಗದಂತೆ ಬಾರ್ ಹಿಂದೆ ಜಾಗ ಇದೆಯಾ ನೋಡಿ. ಜಾಗ ಸಾಲದೆ ಅರ್ಧ ಮಾತ್ರ ಒಳಗೆ ಹೋದ ತಲೆಯಿಂದಲೂ ಇದೇ ರೋಗ ಬರುತ್ತದೆ. ಸುಲಭದ ಪರಿಹಾರ, ತಲೆ ಮೊಣಕೈಯಂತೆ ಬಾಗಿರುವ ಸಿ7 ವೈರ್.

ಒಂದು ಮಾತು ಗುಡುಗಿನ ಬಗ್ಗೆ. ಮಳೆಗಾಲದ ಮೊದಲು ಮತ್ತು ಹಿಂದಿರುಗುವ ಮಳೆಯಲ್ಲಿ ನಮ್ಮಲ್ಲಿ ಸಿಡಿಲು ಜಾಸ್ತಿ. ಸ್ವಿಚ್ ಆರಿಸಿದರೆ ಫೇಸ್ ಮಾತ್ರ ತುಂಡಾಗುತ್ತದೆ, ನ್ಯೂಟ್ರಲ್ ಹಾಗೇ ಜೋಡಿಸಿಕೊಂಡಿರುತ್ತದೆ. ಮೋಡ ಕಟ್ಟುವಾಗಲೇ ಪ್ಲಗ್ ಕೀಳಬೇಕು, ಡಿಶ್ ಕೇಬಲ್ ಕೂಡ. ಗುಡುಗು ಮೇಲೆ ಬಂದ ಮೇಲೆ ಮುಟ್ಟಲು ಹೋಗಬೇಡಿ. ಪ್ಲಗ್ಗನ್ನೇ ಪ್ಲೈವುಡ್ ಹಿಂದೆ ಮೊಳೆ ಹೊಡೆದು ಮುಚ್ಚಿದವರು ಕೀಳುವುದು ಹೇಗೆ?

ಗುಂಯ್ ಅನ್ನುವ ಸದ್ದು ಬರುತ್ತಿದ್ದರೆ ವೈರ್ ಮೇಲೆ ಹಾರುವ ಮೊದಲು ಡಿಶ್ ಕೇಬಲ್ ಬಿಚ್ಚಿ ನೋಡಿ. ಸದ್ದು ನಿಂತರೆ ಅದು ಆ ಕೇಬಲ್ ದಾರಿಯಿಂದ ಬಂದದ್ದು.

ಸಾಣಿಕಟ್ಟಾದಲ್ಲಿ ಕೊನೆಗೆ

ಹಳೆ ವೈರನ್ನು ಸಿಕ್ಕಷ್ಟು ಎಳೆದು ತೆಗೆದೆವು. ಗೋಡೆಯಲ್ಲಿ ಉಳಿದ ತುಂಡಿನ ಎರಡೂ ತುದಿ ಕತ್ತರಿಸಿ, ಪ್ಲಗ್ ಬಿಸಾಡಿದೆವು, ಮತ್ತೆ ಯಾರೂ ಅದಕ್ಕೆ ಜೀವ ಕೊಡಬಾರದು ಅಂತ. ಅದು ಪಡುಗೋಡೆ. ಹಾಗಾಗಿ ಕೇಸಿಂಗ್ ಪಟ್ಟಿಯೇ ಹಾಕಿದೆವು. ಪಟ್ಟಿಯಲ್ಲಿ ಸರಿಯಾದ ವೈರ್ ಎಳೆದು, ಊರಿನ ಎಲೆಕ್ಟ್ರಿಷಿಯನ್ ಟಿವಿ ಪಕ್ಕಕ್ಕೆ ಹೊಸ ಸಾಕೆಟ್ ಕೂರಿಸಿ, ಅರ್ತ್ ಅಳೆದು ನೋಡಿದರು. ಅಟ್ಟದಿಂದ ಇಳಿದ ವೈರ್ ಬಾರ್‌ಗೆ ಸೇರಿತು. ಒಂದೂವರೆ ಮೀಟರ್ ಇತ್ತು, ಅಳತೆ ಮಾಡಿಸಿದ ಹಾಗೆ ಸರಿಹೋಯಿತು.

ಭಾವ ಅದೇ ಯುದ್ಧ ಹಾಕಿದರು. ಇಪ್ಪತ್ತು ನಿಮಿಷ. ನಾನು ನಡುನಡುವೆ ಪ್ಲಗ್ ಮುಟ್ಟಿ ನೋಡಿದೆ, ತಣ್ಣಗಿತ್ತು. ಬಾರ್‌ನ ಎಡಕ್ಕೆ ಗೋಡೆ ತಟ್ಟಿದೆ, ಬಲಕ್ಕೆ ತಟ್ಟಿದೆ. ದೀಪ ಕದಲಲಿಲ್ಲ.

ವಾರ ಬಿಟ್ಟು ಅಕ್ಕನ ಫೋನ್. "ತಮಾ, ಈಗ ಬಾರ್ ಸರಿ ಇದೆ, ಆದ್ರೆ ಆ ಕಪ್ಪು ಡಬ್ಬಿ ಗುಮ್ಮನ್ನುವುದಿಲ್ಲ." ಸಬ್‌ವೂಫರ್‌ನ ದೀಪ ಉರಿಯುತ್ತಿದೆಯಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಮೆಲ್ಲಗೆ: "ಇಲ್ಲ. ಆ ಪಿನ್ನಿಗೆ ನಾನು ಮೊಬೈಲ್ ಚಾರ್ಜಿಗೆ ಹಾಕಿದ್ದೇನೆ."